ಮದುವೆ ಕಾಗದದ ಕವರ್ ಮೇಲೆ ಕೈಬರಹ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕರೆಯೋಲೆ ಪ್ರೆಸ್ಸಿನಲ್ಲಿ ಅಚ್ಚಾದರೂ ಕವರ್ ಮೇಲಿನ ಹೆಸರು ಮಾತ್ರ ಕೈಯಲ್ಲೇ ಬರೆದದ್ದಾಗಿರಬೇಕು ಅನ್ನುವವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ಹಾಗೆ ಬರೆಯಲು ಕೂತವರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ತೊಂದರೆಗಳ ಮೂಲ ಎರಡೇ: ಇಲ್ಲಿನ ಮಳೆ, ಇಲ್ಲಿನ ಹೆಸರುಗಳು.

ಪ್ರ: ಇಂಗ್ಲಿಷ್ ಕ್ಯಾಲಿಗ್ರಫಿ ಪುಸ್ತಕದಲ್ಲಿ ಹೇಳಿದ ಅಳತೆಯಲ್ಲೇ ಗೆರೆ ಹಾಕಿಕೊಂಡು ಕನ್ನಡದಲ್ಲಿ ವಿಳಾಸ ಬರೆಯುತ್ತಿದ್ದೇನೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಮೇಲೆ ಬಂದು ಕೂರುತ್ತದೆ. ಏನು ಮಾಡಲಿ?
— ಓದುಗರು, ಅಮ್ಮತ್ತಿ

ಉ: ನಿಮ್ಮ ಊರಿನ ಹೆಸರಿನಲ್ಲೇ ಎರಡು ಒತ್ತು ಪಕ್ಕಪಕ್ಕ ಇವೆ. ಅದರ ಜೊತೆಗೆ ಉತ್ತಪ್ಪ, ಬಿದ್ದಪ್ಪ, ಪೊನ್ನಮ್ಮ, ಬೊಳ್ಳಮ್ಮ. ಕೊಡಗಿನ ಪಟ್ಟಿಯಲ್ಲಿ ಒತ್ತಿಲ್ಲದ ಹೆಸರು ಹುಡುಕುವುದೇ ಕಷ್ಟ. ಇಂಗ್ಲಿಷಿಗೆ ಹಾಕಿದ ಗೆರೆ ಇದಕ್ಕೆ ಸಾಲುವುದಿಲ್ಲ.

ಲೆಕ್ಕವನ್ನು ನಿಬ್ಬಿನ ಅಗಲದಿಂದ ಶುರು ಮಾಡಿ. ಚಪ್ಪಟೆ ತುದಿಯ 1.5 ಮಿ.ಮೀ. ನಿಬ್ಬು ಅಂದುಕೊಳ್ಳೋಣ, ಪೈಲಟ್ ಪ್ಯಾರಲಲ್ ಪೆನ್ನಿನಲ್ಲಿ ಕೆಂಪು ಮುಚ್ಚಳದ್ದು. ಅಕ್ಷರದ ಮೈ ನಿಬ್ಬಿನ ನಾಲ್ಕು ಅಗಲ, ಅಂದರೆ 6 ಮಿ.ಮೀ. ಕೆಳಗಿನ ಒತ್ತಿಗೆ ಮೂರು ಅಗಲ, 4.5 ಮಿ.ಮೀ. ಮೇಲೆ ಗುಡಿಸು, ಏತ್ವ ಏಳುವುದಕ್ಕೆ 2 ಮಿ.ಮೀ. ಇಷ್ಟಕ್ಕೇ 12.5 ಆಯಿತು. ಉಸಿರಾಡಲು ಇನ್ನು ಒಂದೂವರೆ ಸೇರಿಸಿದರೆ ಸಾಲಿನಿಂದ ಸಾಲಿಗೆ 14 ಮಿ.ಮೀ. ಐದು ಸಾಲಿನ ವಿಳಾಸಕ್ಕೆ ಹತ್ತಿರ ಹತ್ತಿರ 69 ಮಿ.ಮೀ. ಎತ್ತರ ಬೇಕು. ಏಳು ಇಂಚು ಉದ್ದ, ಐದು ಇಂಚು ಎತ್ತರದ ಕವರ್‌ನಲ್ಲಿ ಮೇಲೆ ಸ್ಟಾಂಪಿಗೆ 40 ಮಿ.ಮೀ. ಬಿಟ್ಟರೂ ಇದು ಹಿಡಿಯುತ್ತದೆ, ಆರನೇ ಸಾಲು ಬಂದರೆ ಕೆಳಗೆ ನಾಲ್ಕೈದು ಮಿ.ಮೀ. ಕೂಡ ಸರಿಯಾಗಿ ಉಳಿಯದೆ ಇಕ್ಕಟ್ಟಾಗುತ್ತದೆ. ಆಗ 1 ಮಿ.ಮೀ. ನಿಬ್ಬಿಗೆ ಇಳಿಯಿರಿ: ಮೈ 4, ಒತ್ತು 3, ಸಾಲಿನ ಅಂತರ ಒಂಬತ್ತೂವರೆ. ಐದು ಸಾಲು 46–47 ಮಿ.ಮೀ.ನಲ್ಲಿ ಮುಗಿಯುತ್ತದೆ.

ಜಾಗ ಉಳಿಸಲೆಂದು ಒತ್ತನ್ನು ತೀರಾ ಕಿರಿದು ಮಾಡಬೇಡಿ. ತ, ನ, ಮ ಇವುಗಳ ಒತ್ತಿಗೆ ಬೇರೆಯದೇ ಸಣ್ಣ ಆಕಾರ ಇರುವುದರಿಂದ ಎರಡೂವರೆ ಅಗಲಕ್ಕೂ ಒಗ್ಗುತ್ತವೆ. ಪ, ಟ, ಣ ಒತ್ತುಗಳು ಹಾಗಲ್ಲ, ತಲೆಕಟ್ಟು ಇದ್ದರೆ ಅದನ್ನಷ್ಟೇ ಕಳಚಿದ ಇಡೀ ಅಕ್ಷರದಂತೆಯೇ ಇರುತ್ತವೆ. ಮೂರು ಅಗಲಕ್ಕಿಂತ ಕಡಿಮೆ ಮಾಡಿದರೆ ಒಳಗಿನ ಬಿಳಿ ಜಾಗ ಮುಚ್ಚಿ, ‘ಪ್ಪ’ದ ಕೆಳಗೆ ಕರಿ ಉಂಡೆ ಉಳಿಯುತ್ತದೆ.

ಅಕ್ಷರಗಳ ನಡುವಿನ ಜಾಗವನ್ನೂ ಒತ್ತನ್ನು ನೋಡಿಯೇ ತೀರ್ಮಾನಿಸಬೇಕು. ‘ಉತ್ತಪ್ಪ’ ಬರೆಯುವಾಗ ಮೇಲೆ ತ ಮತ್ತು ಪ ಸರಿಯಾಗಿ ಕೂತಂತೆ ಕಂಡರೂ ಕೆಳಗೆ ಎರಡು ಒತ್ತು ತಾಗಿರುತ್ತವೆ. ಪ ಅಕ್ಷರವನ್ನು ನಿಬ್ಬಿನ ಅರ್ಧ ಅಗಲದಷ್ಟು ಬಲಕ್ಕೆ ಸರಿಸಿ ಶುರು ಮಾಡಿ.

ಎಲ್ಲ ಸಾಲನ್ನೂ ಎಡಕ್ಕೆ ಒಂದೇ ಸಮ ನಿಲ್ಲಿಸಬೇಕೆಂಬ ಹಟವನ್ನೂ ಬಿಡಿ. ‘ಅಮ್ಮತ್ತಿ’ಯ ಕೆಳಗೆ ‘ವಿರಾಜಪೇಟೆ ತಾಲ್ಲೂಕು’ ಬರುತ್ತದಲ್ಲ, ನೇರ ಕೆಳಗೆ ಬರೆದರೆ ಒತ್ತು ಇಳಿಯುವುದು ‘ವಿ’ಯ ಗುಡಿಸಿನ ಪಕ್ಕಕ್ಕೆ. ಕೆಳಸಾಲನ್ನು ಸ್ವಲ್ಪ ಆಚೀಚೆ ಸರಿಸಿ, ಒತ್ತುಗಳು ‘ರಾಜ’ದ ಮೇಲೆ ಬರುವಂತೆ ನೋಡಿಕೊಂಡರೆ ಜಗಳವೇ ಇಲ್ಲ, ಅಲ್ಲಿ ಮೇಲಕ್ಕೆ ಏಳುವುದು ಏನೂ ಇಲ್ಲ. ಮೊದಲು ಪೆನ್ಸಿಲಿನಲ್ಲಿ ಒತ್ತು ಮತ್ತು ಗುಡಿಸುಗಳ ಜಾಗಕ್ಕಷ್ಟೇ ಚುಕ್ಕೆ ಇಟ್ಟು ನೋಡಿದರೆ ಸಾಕು, ಇಡೀ ವಿಳಾಸ ಬರೆದು ಅಳಿಸುವ ಅಗತ್ಯವಿಲ್ಲ.

ನಿಬ್ಬಿನ ಕೋನವೂ ಇದಕ್ಕೆ ಸೇರಿದ್ದು. 45 ಡಿಗ್ರಿಯಲ್ಲಿ ಹಿಡಿದರೆ ತಲೆಕಟ್ಟು ಮತ್ತು ನಿಂತ ಗೆರೆ ಒಂದೇ ದಪ್ಪ ಬರುತ್ತವೆ, ಅಕ್ಷರದ ತಲೆ ಭಾರವಾಗುತ್ತದೆ. 30 ಡಿಗ್ರಿಗೆ ಇಳಿಸಿದರೆ ತಲೆಕಟ್ಟಿನ ದಪ್ಪ ನಿಬ್ಬಿನ ಅಗಲದ ಅರ್ಧಕ್ಕೆ ಬರುತ್ತದೆ. ಕನ್ನಡದ ದುಂಡಕ್ಷರಕ್ಕೆ ನಮ್ಮ ಮೆಚ್ಚಿಗೆ ಅದೇ.

ಪ್ರ: ಮೇ ತಿಂಗಳಲ್ಲಿ ಚೆನ್ನಾಗಿ ಬರೆಸಿಕೊಂಡ ಕವರ್‌ಗಳೇ ಜುಲೈನಲ್ಲಿ ಇಂಕು ಹೀರಿ ಹರಡುತ್ತಿವೆ. ಇಂಕೂ ಅದೇ, ನಿಬ್ಬೂ ಅದೇ.
— ಓದುಗರು, ನಾಪೋಕ್ಲು

ಉ: ಬದಲಾಗಿದ್ದು ಕಾಗದ. ಕಾಗದದ ನಾರು ಇಂಕನ್ನು ಎಳೆದುಕೊಳ್ಳದಿರಲಿ ಎಂದು ಕಾರ್ಖಾನೆಯಲ್ಲಿ ಅಂಟಿನಂಥ ಲೇಪ ಕೊಟ್ಟಿರುತ್ತಾರೆ. ಗಾಳಿಯ ತೇವ ಕುಡಿದ ನಾರು ಉಬ್ಬಿದಾಗ ಆ ತಡೆ ಸಡಿಲವಾಗುತ್ತದೆ. ಕೈಕಾಗದದಲ್ಲಿ ಎಷ್ಟೋ ಸಲ ಈ ಲೇಪ ಮೊದಲೇ ಕಡಿಮೆ, ಆದ್ದರಿಂದ ಅದು ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ.

ಬರೆಯುವ ಹಿಂದಿನ ದಿನವೇ ಕವರ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಗೋ ಟ್ರಂಕಿಗೋ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಒಮ್ಮೆಗೆ ಹತ್ತು ಹದಿನೈದು ಮಾತ್ರ ಹೊರತೆಗೆಯಿರಿ. ಒಲೆಯ ಮೇಲೆ, ಹೀಟರ್ ಮುಂದೆ ಒಣಗಿಸುವುದು ಬೇಡ. ಕವರ್ ಸೊಟ್ಟಗಾಗುತ್ತದೆ, ಮುಚ್ಚುವ ಅಂಟೂ ಹಾಳಾಗುತ್ತದೆ. ಅಂಟಿರುವ ಮಡಿಕೆಯ ಒಳಗೆ ಬಟರ್ ಪೇಪರಿನ ಪಟ್ಟಿ ಸೇರಿಸಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕವರ್ ತಾನಾಗಿಯೇ ಅಂಟಿಕೊಂಡುಬಿಡುತ್ತದೆ.

ಇಷ್ಟಾದರೂ ಹರಡಿದರೆ ಇಂಕಿಗೆ ಅರಬ್ಬಿ ಗೋಂದು ಸೇರಿಸಬೇಕು. 10 ಮಿ.ಲೀ. ಇಂಕಿಗೆ ದ್ರವರೂಪದ ಗೋಂದು ನಾಲ್ಕೈದು ಹನಿ. ಒಂದೊಂದೇ ಹನಿ ಹಾಕಿ ಬರೆದು ನೋಡಿ. ಹೆಚ್ಚಾದರೆ ಅಕ್ಷರ ಹೊಳೆಯುತ್ತದೆ, ತೇವದಲ್ಲಿ ಕೈಗೆ ಅಂಟುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಗೋಂದು ಹಾಕಿದ ಇಂಕನ್ನು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ ಬಳಸಿ. ಕಾರ್ಟ್ರಿಜ್ ಪೆನ್ನಿಗೆ ತುಂಬಿದರೆ ಅದರ ಗಂಟಲು ಕಟ್ಟುತ್ತದೆ.

ಕೊನೆಯ ಉಪಾಯ: ಕವರ್ ಮೇಲೆ ಒಂದಡಿ ದೂರದಿಂದ ಹೇರ್ ಸ್ಪ್ರೇ ತೆಳ್ಳಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ಬರೆಯುವುದು. ಎಲ್ಲ ಕಾಗದಕ್ಕೂ ಒಗ್ಗುತ್ತದೆಂದಲ್ಲ, ಹಾಳಾದ ಕವರ್ ಮೇಲೆ ಮೊದಲು ಪರೀಕ್ಷಿಸಿ. ಅದಕ್ಕೂ ಬಗ್ಗದಿದ್ದರೆ ಕವರ್ ಬದಲಾಯಿಸುವುದೇ ಲೇಸು.

ಪ್ರ: ಮೆರೂನ್ ಬಣ್ಣದ, ಮುತ್ತಿನಂತೆ ಹೊಳೆಯುವ ಕವರ್. ಬಿಳಿ ಇಂಕಿನಲ್ಲಿ ಬರೆದರೆ ಒಣಗಿದ ಮೇಲೆ ಮಾಸಲು ಗುಲಾಬಿ. ಚಿನ್ನದ ಬಣ್ಣ ಹಾಕಿದರೆ ಮಧ್ಯೆ ಮಧ್ಯೆ ಕಡಿದುಹೋಗುತ್ತದೆ.
— ಓದುಗರು, ಕುಶಾಲನಗರ

ಉ: ನೀವು ಬಳಸುವುದು ಗ್ವಾಶ್ (ನೀರಿನಲ್ಲಿ ಕಲಸುವ ದಪ್ಪ ಬಣ್ಣ) ಆದರೆ, ಬಿಳಿ ಟ್ಯೂಬಿನ ಮೇಲೆ ‘ಜಿಂಕ್ ವೈಟ್’ ಎಂದಿದೆಯೇ ನೋಡಿ. ಅದು ಬೇರೆ ಬಣ್ಣಕ್ಕೆ ಬೆರೆಸಲು ಮಾಡಿದ್ದು, ಅಡಿಯ ಬಣ್ಣವನ್ನು ಮುಚ್ಚುವುದಿಲ್ಲ. ನಿಮಗೆ ಬೇಕಾದ್ದು ಟೈಟೇನಿಯಂ ಇರುವ ‘ಪರ್ಮನೆಂಟ್ ವೈಟ್’. ಕಡಲೆಕಾಳಿನಷ್ಟು ಬಣ್ಣ ಹಿಂಡಿ, ಡ್ರಾಪರಿನಿಂದ ಒಂದೊಂದೇ ಹನಿ ನೀರು ಬೆರೆಸಿ, ಹಾಲಿನ ಕೆನೆಯ ಹದಕ್ಕೆ ತನ್ನಿ. ನೀರು ಹೆಚ್ಚಾದರೆ ಮತ್ತೆ ಗುಲಾಬಿಯೇ. ಕಡಿಮೆಯಾದರೆ ನಿಬ್ಬಿನಿಂದ ಇಳಿಯುವುದೇ ಇಲ್ಲ. ನಿಬ್ಬನ್ನು ಬಟ್ಟಲಿಗೆ ಅದ್ದುವುದಕ್ಕಿಂತ ಸಣ್ಣ ಬ್ರಷ್‌ನಿಂದ ನಿಬ್ಬಿನ ಹೊಟ್ಟೆಗೆ ತುಂಬಿಸಿದರೆ ಹದ ಒಂದೇ ಸಮ ಇರುತ್ತದೆ.

ಚಿನ್ನದ ಬಣ್ಣ ಕಡಿಯಲು ಎರಡು ಕಾರಣ. ಹೊಳೆಯುವ ಪುಡಿ ತೂಕದ್ದು, ಒಂದೆರಡು ನಿಮಿಷಕ್ಕೇ ತಳಕ್ಕೆ ಇಳಿದು ಮೇಲೆ ಬರೀ ನೀರು ಉಳಿಯುತ್ತದೆ. ಪ್ರತಿ ಸಾಲಿಗೂ ಕದಡಬೇಕು. ಇನ್ನೊಂದು, ಹೊಳಪು ಕಾಗದ ನೀರನ್ನು ಒಲ್ಲದೆ ಅಕ್ಷರ ಹನಿಹನಿಯಾಗಿ ಒಡೆಯುತ್ತದೆ. ಬರೆಯುವ ಜಾಗವನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಕೈಬೆರಳಿನ ಎಣ್ಣೆ ತೆಗೆಯಿರಿ. ಆಗಲೂ ಒಡೆದರೆ ಬಣ್ಣಕ್ಕೆ ಕಡ್ಡಿಯ ತುದಿಯಲ್ಲಿ ಹತ್ತುವಷ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿ. ಹನಿ ಲೆಕ್ಕದಲ್ಲಿ ಹಾಕಿದರೆ ಇಂಕು ಹರಡುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಆಗಿರುವ ಕವರ್ ಆದರೆ ನಿಬ್ಬನ್ನು ಬದಿಗಿಟ್ಟು ಅಕ್ರಿಲಿಕ್ ಪೇಂಟ್ ಮಾರ್ಕರ್ ಹಿಡಿಯಿರಿ.

ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ತೊಳೆದು, ಒರೆಸಿ, ಆಮೇಲೆ ಬಳಸಿ. ಎಷ್ಟೋ ಸಲ ‘ಇಂಕು ಸರಿಯಿಲ್ಲ’ ಅನ್ನುವ ದೂರಿನ ಹಿಂದೆ ಇರುವುದು ಈ ಎಣ್ಣೆಯೇ. ಗಾಢ ಬಣ್ಣದ ಕವರ್‌ನಲ್ಲಿ ಅಡಿಯಿಂದ ಬೆಳಕು ಬಿಟ್ಟರೂ ಒಳಗಿಟ್ಟ ಹಾಳೆಯ ಗೆರೆ ಕಾಣದು, ಬಿಳಿ ಚಾಕ್ ಪೆನ್ಸಿಲಿನಿಂದ ಮೇಲೆಯೇ ಗೆರೆ ಎಳೆದು ಕೊನೆಗೆ ಒರೆಸಬೇಕು.

ಪ್ರ: ನಮ್ಮದೇ ತೋಟದ ಕಾಫಿಯ ಡಿಕಾಕ್ಷನ್ನಿನಲ್ಲಿ ವಿಳಾಸ ಬರೆದರೆ ಹೇಗೆ?
— ಓದುಗರು, ಸಿದ್ದಾಪುರ

ಉ: ಬರೆಯಬಹುದು, ಅಂಚೆಗೆ ಹಾಕಬೇಡಿ. ಡಿಕಾಕ್ಷನ್ ಎಷ್ಟು ಗಟ್ಟಿಯಾಗಿದ್ದರೂ ಕಾಗದದ ಮೇಲೆ ತಿಳಿಕಂದು. ಕಾಲುಭಾಗಕ್ಕೆ ಬತ್ತಿಸಿ, ಗೋಂದು ಸೇರಿಸಿದರೆ ಸ್ವಲ್ಪ ಗಾಢವಾಗುತ್ತದೆ. ಆದರೆ ನೀರು ತಾಗಿದರೆ ಕರಗುತ್ತದೆ, ಬಿಸಿಲಿಗೆ ಮಾಸುತ್ತದೆ, ಬಟ್ಟಲಿನಲ್ಲಿ ಉಳಿದದ್ದಕ್ಕೆ ಕೆಲವೇ ದಿನದಲ್ಲಿ ಬೂಸು ಬರುತ್ತದೆ. ಕೈಯಲ್ಲಿ ಕೊಡುವ ನಾಲ್ಕಾರು ಕವರ್‌ಗೆ ಚೆಂದ. ಉಳಿದದ್ದಕ್ಕೆ ಕಂದು ಗ್ವಾಶ್ ತನ್ನಿ, ನೋಡಿದವರಿಗೆ ಕಾಫಿಯೇ ಅನ್ನಿಸುತ್ತದೆ. ಸಕ್ಕರೆ ಹಾಕಿದ ಕಾಫಿಯಂತೂ ಬೇಡವೇ ಬೇಡ, ಇರುವೆಗಳು ವಿಳಾಸ ಓದಲು ಬರುತ್ತವೆ.

ಪ್ರ: ನಮ್ಮ ಪಟ್ಟಿಯಲ್ಲಿ ಅರ್ಧದಷ್ಟು ಜನ ಸೇನೆಯವರು, ನಿವೃತ್ತರೂ ಇದ್ದಾರೆ. ಮನೆಹೆಸರು, ಹುದ್ದೆ, ಪಿನ್ ಕೋಡ್ ಹೇಗೆ ಬರೆಯಬೇಕು? ಕನ್ನಡ ಅಂಕಿ ಬಳಸಬಹುದೇ?
— ಓದುಗರು, ಮಡಿಕೇರಿ

ಉ: ಮೊದಲು ಹುದ್ದೆ, ಆಮೇಲೆ ಮನೆಹೆಸರು, ಆಮೇಲೆ ಹೆಸರು; ನಿವೃತ್ತರಾದರೆ ಹೆಸರಿನ ನಂತರ ಕಂಸದಲ್ಲಿ ‘ನಿವೃತ್ತ’. ಮನೆಹೆಸರನ್ನು ಎರಡು ಸಾಲಿಗೆ ಒಡೆಯಬೇಡಿ. ಕೊಡವ ಮನೆಹೆಸರಿನ ಕೊನೆ ಕೆಲವರದು ‘ಿರ’, ಕೆಲವರದು ‘ೀರ’. ಆ ಮನೆಯವರು ಹೇಗೆ ಬರೆಯುತ್ತಾರೋ ಕೇಳಿ ಹಾಗೆಯೇ ಬರೆಯಿರಿ. ಊಹೆಯಿಂದ ಬರೆದು ತಪ್ಪಿದರೆ ಎಷ್ಟು ಚೆಂದದ ಅಕ್ಷರವಾದರೂ ಲೆಕ್ಕಕ್ಕಿಲ್ಲ.

ಸೇವೆಯಲ್ಲಿರುವವರಿಗೆ ಘಟಕದ ಹೆಸರು, ನಂತರ ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’ (ಎಪಿಒ ಅಂದರೆ ಸೇನಾ ಅಂಚೆ ಕಚೇರಿ). ಅವರು ಇರುವ ಊರಿನ ಹೆಸರು ಬರೆಯಬಾರದು. ಸೇನಾ ಅಂಚೆಯ ಪಿನ್ 9ರಿಂದ ಶುರುವಾಗುತ್ತದೆ, ನಮ್ಮ ರಾಜ್ಯದ್ದು 5ರಿಂದ. ಈ ವಿಳಾಸಗಳನ್ನೂ ಹೊರರಾಜ್ಯದವನ್ನೂ ಇಂಗ್ಲಿಷಿನಲ್ಲೇ ಬರೆಯಿರಿ.

ಪಿನ್‌ಗೆ ಕನ್ನಡ ಅಂಕಿ ಬೇಡ. ಮಡಿಕೇರಿ 571201, ವಿರಾಜಪೇಟೆ 571218, ಕುಶಾಲನಗರ 571234: ಆರೂ ಅಂಕಿ ಬಿಡಿಬಿಡಿಯಾಗಿ, ಬಾಲ ಸುತ್ತಿಸದೆ ಇರಲಿ. ಅಲಂಕಾರ ಮಾಡುವ ಆಸೆಯನ್ನು ಹೆಸರಿನ ಸಾಲಿನಲ್ಲೇ ತೀರಿಸಿಕೊಳ್ಳಿ. ಪೊನ್ನಂಪೇಟೆ, ಕುಶಾಲನಗರ ಈಗ ಸ್ವಂತ ತಾಲ್ಲೂಕುಗಳು. ಹಳೇ ಡೈರಿಯಿಂದ ವಿಳಾಸ ಇಳಿಸುವಾಗ ತಾಲ್ಲೂಕಿನ ಸಾಲನ್ನು ನೋಡಿಕೊಳ್ಳಿ. ಅಂಚೆಯಲ್ಲಿ ಕಾಗದದ ದರ 20 ಗ್ರಾಂ ಲೆಕ್ಕದಲ್ಲಿ ಏರುತ್ತದೆ, ಆದ್ದರಿಂದ ಕಾರ್ಡು ತುಂಬಿ ಅಂಟಿಸಿದ ಒಂದು ಕವರನ್ನು ಮೊದಲು ತೂಗಿಸಿ.

ಮಳೆಯಲ್ಲಿ ಅಂಚೆಗೆ ಹೋಗುವ ಕವರ್ ಆದರೆ, ಒಂದು ದಿನ ಪೂರ್ತಿ ಒಣಗಿದ ಮೇಲೆ ಬಿಳಿ ಮೇಣದಬತ್ತಿಯನ್ನು ಅಡ್ಡ ಹಿಡಿದು ವಿಳಾಸದ ಮೇಲೆ ಹಗುರವಾಗಿ ಉಜ್ಜಿ. ಗ್ವಾಶ್ ಒಣಗಿದ ಮೇಲೂ ನೀರಿಗೆ ಕರಗುವಂಥದ್ದು, ಮೇಣ ಹನಿಯನ್ನು ತಡೆಯುತ್ತದೆ. ಸ್ಟಾಂಪ್ ಹಚ್ಚುವ ಮೂಲೆಗೆ ಮೇಣ ತಾಗದಿರಲಿ, ತಾಗಿದರೆ ಸ್ಟಾಂಪ್ ಹಿಡಿಯುವುದಿಲ್ಲ.

ಪ್ರ: ಕವರ್‌ನ ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಬರೆಯುವ ಮೊದಲೋ, ನಂತರವೋ?
— ಓದುಗರು, ಶನಿವಾರಸಂತೆ

ಉ: ನಂತರ, ಅದೂ ಮಾರನೇ ದಿನ. ಅರಿಶಿನವನ್ನು ಆದಷ್ಟು ಕಡಿಮೆ ನೀರಿನಲ್ಲಿ ಕಲಸಿ. ನೀರಾದರೆ ಕಾಗದದೊಳಗೆ ಹರಿದು ಪಕ್ಕದ ಬಿಳಿ ಅಕ್ಷರವನ್ನು ಹಳದಿ ಮಾಡುತ್ತದೆ. ಬರೆಯುವವರೂ ಹಚ್ಚುವವರೂ ಬೇರೆ ಬೇರೆ ಇದ್ದರೆ ಒಳ್ಳೆಯದು.

ಪ್ರ: ಬೇರೆಯವರ ಮದುವೆಗೆ 200 ಕವರ್ ಬರೆದುಕೊಡಲು ಒಪ್ಪಿದ್ದೇನೆ. ಎಷ್ಟು ದಿನ ಕೇಳಲಿ? ದರ ಹೇಗೆ ಹೇಳಲಿ?
— ಓದುಗರು, ವಿರಾಜಪೇಟೆ

ಉ: ನಾಲ್ಕು ಸಾಲಿನ ವಿಳಾಸವಾದರೆ ಪಳಗಿದ ಕೈಗೆ ಗಂಟೆಗೆ ಹತ್ತರ ಆಸುಪಾಸು. ಅಂದರೆ ಬರೆಯುವುದಕ್ಕೇ 20 ಗಂಟೆ. ಗೆರೆ, ಒಣಗಿಸುವುದು, ತಾಳೆ ನೋಡುವುದು ಬೇರೆ. ದಿನಕ್ಕೆ ಮೂರು ಗಂಟೆ ಮೀರಿದರೆ ಕೊನೆಯ ಕವರ್‌ಗಳ ಅಕ್ಷರವೇ ಹೇಳುತ್ತದೆ. ಹತ್ತು ದಿನ ಕೇಳಿ, ಮಳೆಗಾಲವಾದರೆ ಎರಡು ವಾರ.

ದರವನ್ನು ಕವರ್ ಲೆಕ್ಕಕ್ಕಲ್ಲ, ಸಾಲಿನ ಲೆಕ್ಕಕ್ಕೆ ಹೇಳಿ. ಇಲ್ಲಿ ನೆಂಟರಿಗೆ ಕಾಗದವನ್ನು ಮನೆಗೇ ಹೋಗಿ ಕೊಡುವುದು ಹೆಚ್ಚು. ಅಂಥ ಕವರ್‌ಗೆ ಹೆಸರಿನ ಒಂದೆರಡು ಸಾಲು ಸಾಕು, ಅಂಚೆಯದಕ್ಕೆ ಐದು ಬೇಕು. ಎರಡಕ್ಕೂ ಒಂದೇ ದರ ಹೇಳಿದರೆ ಯಾರಾದರೂ ಒಬ್ಬರಿಗೆ ನಷ್ಟ. ಗಾಢ ಕವರ್, ಚಿನ್ನದ ಬಣ್ಣಕ್ಕೆ ಹೆಚ್ಚು ಕೇಳುವುದು ನ್ಯಾಯವೇ, ಏಕೆಂದರೆ ಅದು ನಿಧಾನದ ಕೆಲಸ.

ಪಟ್ಟಿಯನ್ನು ಫೋನಿನಲ್ಲಿ ಹೇಳಿಸಿಕೊಳ್ಳಬೇಡಿ, ಬರಹದಲ್ಲೇ ತರಿಸಿಕೊಳ್ಳಿ. ಖಾಲಿ ಕವರ್‌ಗಳನ್ನು 240 ಎಣಿಸಿ ಪಡೆಯಿರಿ. ಹೆಚ್ಚಿನ ನಲವತ್ತರಲ್ಲಿ ಅರ್ಧ ನಿಮ್ಮ ತಪ್ಪಿಗೆ ಹೋಗುತ್ತದೆ, ಇನ್ನರ್ಧ ಮದುವೆಗೆ ವಾರ ಇರುವಾಗ ನೆನಪಾಗುವ ನೆಂಟರಿಗೆ. ಅವರಿಗೂ ಅದೇ ಇಂಕು ಬೇಕಾಗುತ್ತದೆ. ಬೆರೆಸಿದ ಬಣ್ಣವನ್ನು ಸಣ್ಣ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಎಷ್ಟಕ್ಕೆ ಎಷ್ಟು ನೀರು ಹಾಕಿದ್ದೀರೆಂದು ಅದರ ಮೇಲೇ ಬರೆದಿಡಿ.