ಸ್ಪಿನ್ ಸರಪಳಿಯ ಪ್ರಾಜೆಕ್ಟ್ ಈಗಿನ ಕ್ವಾಂಟಂ ಕಂಪ್ಯೂಟರಿನಲ್ಲಿ ಆಗುತ್ತದಾ?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೀರಿ, ಇರುವುದು ಒಂದು ಲ್ಯಾಪ್‌ಟಾಪ್. ಈಗಿನ ನಾಯ್ಸ್ (ಲೆಕ್ಕ ಕೆಡಿಸುವ ಗದ್ದಲ) ತುಂಬಿದ ಕ್ವಾಂಟಂ ಕಂಪ್ಯೂಟರಿನಲ್ಲಿ ಸ್ಪಿನ್ ಸಿಸ್ಟಮ್ (ಪುಟ್ಟ ಆಯಸ್ಕಾಂತಗಳಂಥ ಕಣಗಳ ಗುಂಪು) ಓಡಿಸಿ ಪ್ರಾಜೆಕ್ಟ್ ಮಾಡಿದರೆ ಬೆಲೆ ಇದೆಯಾ?

ಧಾರಾಳ ಮಾಡಿ. ನಾನೂ ಬದಿಯಡ್ಕ ಕಡೆಯವನು, ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಆದರೆ ಲ್ಯಾಪ್‌ಟಾಪಿಗೆ ಆಗದ್ದನ್ನು ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಡಿ ತೋರಿಸುತ್ತೇನೆ ಎಂದು ಮಾತ್ರ ಹೊರಡಬೇಡಿ.

ಒಂದೊಂದು ಸ್ಪಿನ್ ಸೇರಿಸಿದಾಗಲೂ ಲೆಕ್ಕ ಇಮ್ಮಡಿ ಆಗುತ್ತದೆ, ನಿಜ. 30 ಸ್ಪಿನ್ನಿಗೆ ಸುಮಾರು 107 ಕೋಟಿ ಸಂಖ್ಯೆ, ಅಂದರೆ 16 ಜಿಬಿ. 50 ಸ್ಪಿನ್ನಿಗೆ ಒಂದೂವರೆ ಕೋಟಿ ಜಿಬಿ ದಾಟುತ್ತದೆ. ಭೌತವಿಜ್ಞಾನಿ ಫೈನ್‌ಮನ್ 1981ರಲ್ಲೇ ಕ್ವಾಂಟಂ ಕಂಪ್ಯೂಟರ್ ಬೇಕು ಅಂದದ್ದು ಇದಕ್ಕೇ. ಆದರೆ ಸಾಮಾನ್ಯ ಕಂಪ್ಯೂಟರಿನವರೂ ಸುಮ್ನೆ ಕೂತಿಲ್ಲ. 2023ರಲ್ಲಿ ಐಬಿಎಂನವರು 127 ಕ್ಯೂಬಿಟ್ಟಿನ (ಕ್ವಾಂಟಂ ಕಂಪ್ಯೂಟರಿನ ಬಿಟ್) ಈಗಲ್ ಚಿಪ್‌ನಲ್ಲಿ ಐಸಿಂಗ್ ಎಂಬ ಸರಳ ಸ್ಪಿನ್ ಮಾಡೆಲ್ ಓಡಿಸಿ ದೊಡ್ಡ ಸುದ್ದಿ ಮಾಡಿದರು. ಕೆಲವೇ ವಾರಗಳಲ್ಲಿ ಬೇರೆಯವರು ದೊಡ್ಡ ಲೆಕ್ಕವನ್ನು ಕುಗ್ಗಿಸಿ ಮಾಡುವ ಟೆನ್ಸರ್ ನೆಟ್‌ವರ್ಕ್ ವಿಧಾನದಿಂದ ಮಾಮೂಲಿ ಕಂಪ್ಯೂಟರಿನಲ್ಲೇ ಅದೇ ಉತ್ತರ ತೆಗೆದರು. ಐಬಿಎಂನವರದ್ದೇ ಕಥೆ ಹೀಗಾದರೆ ನಮ್ಮದು ಬಿಡಿ.

ಹಾಗಾಗಿ ನಾಯ್ಸನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ. ಎಲ್ಲರೂ ಐಸಿಂಗ್ ಹಿಡಿಯುತ್ತಾರೆ. ನಾನಾದರೆ ಆರು ಸ್ಪಿನ್ನಿನ ಹೈಸೆನ್‌ಬರ್ಗ್ ಸರಪಳಿ, ಅಂದರೆ ಪಕ್ಕಪಕ್ಕದ ಸ್ಪಿನ್‌ಗಳು ಜಾಗ ಬದಲಿಸಿಕೊಳ್ಳಬಲ್ಲ ಮಾಡೆಲ್, ತೆಗೆದುಕೊಳ್ಳುತ್ತೇನೆ. ಒಂದು ಸ್ಪಿನ್ನಿಗೆ ಒಂದು ಕ್ಯೂಬಿಟ್, ಮೇಲೆ-ಕೆಳಗೆ ಎಂಬುದಕ್ಕೆ 1 ಮತ್ತು 0. 64 ಸ್ಥಿತಿಗಳು ಅಷ್ಟೇ, ನಿಖರ ಉತ್ತರ ನಿಮ್ಮ ಲ್ಯಾಪ್‌ಟಾಪಿನಲ್ಲೇ ಕ್ಷಣದಲ್ಲಿ ಬರುತ್ತದೆ. ಹೋಲಿಸಿ ನೋಡಲು ಅದು ಬೇಕೇ ಬೇಕು.

ಈ ಮಾಡೆಲ್ಲಿನಲ್ಲಿ ಒಂದು ಒಳ್ಳೆಯ ಗುಣ ಇದೆ. 010101 ಎಂದು ಶುರು ಮಾಡಿದರೆ ಮೂರು 1 ಇವೆ ಅಲ್ವಾ? ಸ್ಪಿನ್‌ಗಳು ಎಷ್ಟೇ ಜಾಗ ಬದಲಿಸಲಿ, ಕೊನೆಗೂ ಮೂರೇ 1 ಇರಬೇಕು. 011001 ಬಂದರೆ ಇಟ್ಟುಕೊಳ್ಳಿ. 010001 ಬಂದರೆ ಅದು ಖಂಡಿತ ತಪ್ಪು, ಎಸೆಯಿರಿ. ಒಂದು 1 ಸೋರಿಹೋಗಿದೆ. ಕ್ಯೂಬಿಟ್ 1ರಿಂದ 0ಗೆ ಜಾರುವುದೇ ಜಾಸ್ತಿ, ಆದ್ದರಿಂದ ಎಸೆದ ರಾಶಿಯಲ್ಲಿ ಎರಡೇ 1 ಇರುವವು ಹೆಚ್ಚು ಕಾಣುತ್ತವೆ. ಎಷ್ಟು ಪಾಲು ಉಳಿಯಿತು ಎಂಬುದನ್ನೂ ಗ್ರಾಫ್ ಮಾಡಿ. ಯಂತ್ರ ಪೂರ್ತಿ ಗೊಂದಲಕ್ಕೆ ಬಿದ್ದು ಮನಸ್ಸಿಗೆ ಬಂದ ಉತ್ತರ ಕೊಟ್ಟರೂ 64ರಲ್ಲಿ 20 ಸಾಲಿನಲ್ಲಿ ಮೂರು 1 ಇದ್ದೇ ಇರುತ್ತವೆ, ಅಂದರೆ ಸುಮಾರು 31 ಶೇಕಡಾ. ನಿಮ್ಮ ಸಂಖ್ಯೆ ಅದರ ಹತ್ತಿರ ಇಳಿಯಿತು ಅಂದರೆ ಉಳಿದದ್ದನ್ನೂ ನಂಬಬೇಡಿ.

ಸಮಯವನ್ನು ಸಣ್ಣ ಸಣ್ಣ ತುಂಡು ಮಾಡಿ ಓಡಿಸಬೇಕು, ಒಂದೊಂದು ತುಂಡಿಗೆ ಟ್ರಾಟರ್ ಸ್ಟೆಪ್ ಎನ್ನುತ್ತಾರೆ. ಎಷ್ಟು ಸ್ಟೆಪ್ ಹಾಕುವುದು ಎಂಬುದೇ ನಿಜವಾದ ಹಗ್ಗಜಗ್ಗಾಟ ಮಾರಾಯ್ರೆ. ಸ್ಟೆಪ್ ಕಡಿಮೆ ಆದರೆ ಗಣಿತದ ತಪ್ಪು, ಜಾಸ್ತಿ ಆದರೆ ನಾಯ್ಸಿನ ತಪ್ಪು. ಆರು ಸ್ಪಿನ್ನಿನ ನಡುವೆ ಐದು ಕೊಂಡಿ, ಕೊಂಡಿಗೆ ಮೂರು ಸಿ-ನಾಟ್ ಗೇಟು (ಎರಡು ಕ್ಯೂಬಿಟ್ಟುಗಳ ಮೇಲೆ ಒಟ್ಟಿಗೆ ಮಾಡುವ ಕ್ರಿಯೆ), ಅಂದರೆ ಸ್ಟೆಪ್ಪಿಗೆ 15. ಹತ್ತು ಸ್ಟೆಪ್ಪಿಗೆ 150. ಗೇಟಿಗೆ 1 ಶೇಕಡಾ ತಪ್ಪು ಎಂದಿಟ್ಟುಕೊಂಡರೆ ನೂರರಲ್ಲಿ ಸುಮಾರು 22 ಸಲ ಮಾತ್ರ ಒಂದೂ ತಪ್ಪಿಲ್ಲದೆ ಓಡುತ್ತದೆ. ಇಪ್ಪತ್ತು ಸ್ಟೆಪ್ಪಿಗೆ ಐದೇ. ಗೇಟಿನ ತಪ್ಪು 0.3 ಶೇಕಡಾ ಇರುವ ಚಿಪ್ ಸಿಕ್ಕಿದರೆ ಹತ್ತು ಸ್ಟೆಪ್ಪಿಗೆ ನೂರರಲ್ಲಿ 64 ಸಲದ ಹತ್ತಿರ ಬರುತ್ತದೆ. ಚಿಪ್‌ನಲ್ಲಿ ಸಾಲಾಗಿ ಜೋಡಿಸಿದ ಆರು ಕ್ಯೂಬಿಟ್ಟುಗಳನ್ನೇ ಆರಿಸಿ, ಇಲ್ಲವಾದರೆ ದೂರದ ಕ್ಯೂಬಿಟ್ಟುಗಳನ್ನು ಹತ್ತಿರ ತರುವ ಸ್ವಾಪ್ ಗೇಟುಗಳು ಸೇರಿಕೊಂಡು ಲೆಕ್ಕ ಕೆಡುತ್ತದೆ.

ಇನ್ನು ನಾಯ್ಸ್ ಕಳೆಯುವ ಉಪಾಯ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ತಾಳಮದ್ದಳೆ ಕೇಳಿದ್ದೀರಲ್ಲ? ಮಳೆ ನಿಲ್ಲಿಸಲು ಆಗುವುದಿಲ್ಲ. ಇಲ್ಲಿ ಮಾಡುವುದು, ಮಳೆಯನ್ನು ಬೇಕೆಂದೇ ಜೋರು ಮಾಡಿ, ಅರ್ಥಧಾರಿಯ ಮಾತು ಎಷ್ಟೆಷ್ಟು ಮುಳುಗಿತು ಎಂದು ಅಳೆದು, ಮಳೆಯೇ ಇಲ್ಲದಿದ್ದರೆ ಹೇಗೆ ಕೇಳುತ್ತಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕುವುದು. ಒಂದು ಸಿ-ನಾಟ್ ಇದ್ದಲ್ಲಿ ಮೂರು ಹಾಕಿ. ಎರಡು ಒಂದನ್ನೊಂದು ಅಳಿಸುವುದರಿಂದ ಉತ್ತರ ಬದಲಾಗಬಾರದು, ನಾಯ್ಸ್ ಮಾತ್ರ ಹೆಚ್ಚಬೇಕು. ಇದನ್ನು ನಾಲ್ಕು ಸ್ಟೆಪ್ ಇರುವಾಗಲೇ ಮಾಡಿ, ಹತ್ತಕ್ಕೆ ಹೋದರೆ ಅಳೆಯಲು ಏನೂ ಉಳಿದಿರುವುದಿಲ್ಲ.

ಒಂದು ಎಚ್ಚರ: ಐಬಿಎಂನ ಕ್ವಾಂಟಂ ಸಾಫ್ಟ್‌ವೇರ್ ಕಿಸ್ಕಿಟ್‌ನಲ್ಲಿ ಸರ್ಕ್ಯೂಟನ್ನು ಚಿಪ್‌ಗೆ ಹೊಂದಿಸುವ ಟ್ರಾನ್ಸ್‌ಪೈಲರ್ ಬಲು ಚುರುಕು. ನೀವು ಸೇರಿಸಿದ ಜೋಡಿಯನ್ನು ವ್ಯರ್ಥ ಎಂದು ತಾನೇ ತೆಗೆದುಬಿಡುತ್ತದೆ. ನಡುವೆ ಬ್ಯಾರಿಯರ್ ಹಾಕಿ, ಅದು ಹಾಗೆ ತೆಗೆಯದಂತೆ ತಡೆಯುವ ಗುರುತು. ಆಮೇಲೆ ಯಂತ್ರಕ್ಕೆ ಕಳಿಸುವ ಮೊದಲು ಕೊನೆಯ ಸರ್ಕ್ಯೂಟಿನಲ್ಲಿ ಎರಡು ಕ್ಯೂಬಿಟ್ಟಿನ ಗೇಟುಗಳನ್ನು ಎಣಿಸಿ ನೋಡಿ. ನಾಲ್ಕು ಸ್ಟೆಪ್ಪಿಗೆ 60 ಇದ್ದದ್ದು 180 ಆಗಿರಬೇಕು.