ನಮ್ಮ ಊರಿನಲ್ಲಿ ಸೈಕಲ್ ಬಳಕೆ ಹೆಚ್ಚಿಸಲು ಜಾಗೃತಿ ಅಭಿಯಾನದಿಂದ ನಿಜಕ್ಕೂ ಪ್ರಯೋಜನ ಇದೆಯೇ?
ಇದೆ. ಆದರೆ ಜೂನ್ 3ರ ವಿಶ್ವ ಸೈಕಲ್ ದಿನದಂದು ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡ ಮಾತ್ರಕ್ಕೆ ಏನೂ ಆಗದು.

ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯನ್ನೇ ನೋಡಿ. 1991ರ ಹೊತ್ತಿಗೆ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅಕ್ಷರದ ಜತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಕಲಿತವರೇ ಮುಂದಿನವರಿಗೆ ಕಲಿಸಿದರು. ಸೈಕಲ್ ಬಗ್ಗೆಯೇ ಹಾಡು ಕಟ್ಟಿದರು. ಕೊಳ್ಳಲು ಸಾಲದ ವ್ಯವಸ್ಥೆಯೂ ಆಯಿತು. ಕಲ್ಲುಕ್ವಾರಿಯ ಕೆಲಸಗಾರ್ತಿಯರು, ಕೂಲಿಯವರು, ಅಂಗನವಾಡಿಯವರು ಸೇರಿ ಲಕ್ಷಕ್ಕೂ ಹೆಚ್ಚು ಹೆಂಗಸರು ಪೆಡಲ್ ತುಳಿದರು. ಲೇಡೀಸ್ ಸೈಕಲ್ ಸಾಕಷ್ಟು ಸಿಗದಾದಾಗ ಗಂಡಸರ ಸೈಕಲನ್ನೇ ಕೊಂಡರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು! ಕುಹಕದ ಮಾತುಗಳಿಗೇನೂ ಕಡಿಮೆಯಿರಲಿಲ್ಲ, ಆದರೆ ನೀರು ತರುವುದು, ಸಂತೆಗೆ ಹೋಗುವುದು ಸಲೀಸಾದ ಮೇಲೆ ಅವನ್ನು ಕೇಳುವವರು ಯಾರು?

'ಪರಿಸರ ಉಳಿಸಿ' ಎಂದು ಅಲ್ಲಿ ಯಾರೂ ಬೋಧಿಸಲಿಲ್ಲ, ಗಮನಿಸಿ. ಬಸ್ಸಿಗೆ ಕಾಯುವುದು ತಪ್ಪುತ್ತದೆ ಎಂಬುದೇ ಸಾಕಾಗಿತ್ತು.

ನಗರವಾದರೆ ಸೈಕಲ್ ಓಡಿಸಲು ರಸ್ತೆಯೂ ಬೇಕು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದಿಂದ ಭಾನುವಾರಗಳಂದು ಕೆಲವು ಮುಖ್ಯರಸ್ತೆಗಳಲ್ಲಿ ಮೋಟಾರು ವಾಹನ ಸಂಚಾರ ತಡೆದು ಸೈಕಲ್ ಸವಾರರಿಗೆ ಬಿಟ್ಟುಕೊಡುತ್ತಾರೆ. ಸೈಕಲ್ ಸುಲಭವಾಗಿ ಸಿಗಲೂ ಬೇಕು: ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು.

ನೀವು ಶುರುಮಾಡುವುದಾದರೆ ಒಂದೇ ಬೀದಿ, ಒಂದು ಭಾನುವಾರ ಬೆಳಿಗ್ಗೆ, ಕಲಿಯದ ದೊಡ್ಡವರಿಗೆ ತರಗತಿ. ರಿಪೇರಿಗೆ ಪಂಕ್ಚರ್ ಅಂಗಡಿಯವರನ್ನು ಮೊದಲೇ ಒಪ್ಪಿಸಿಕೊಳ್ಳಿ.