ಓಲ್ಡ್ ಫ್ಯಾಷನ್ಡ್ ಹುಡುಕಿ ಮೂರು ಸಂಜೆ

ಪ್ರಶ್ನೆ: ರಜೆಗೆ ಚಿಕ್ಕಮಗಳೂರಿಗೆ ಬರುತ್ತಿದ್ದೇವೆ. ಅಲ್ಲಿ ಒಳ್ಳೆಯ ಓಲ್ಡ್ ಫ್ಯಾಷನ್ಡ್ (ವಿಸ್ಕಿಯ ಕಾಕ್‌ಟೇಲ್) ಸಿಗುತ್ತದಾ? ಗುರುತಿಸೋದು ಹೇಗೆ?

ಉತ್ತರ: ನಾನು ಇದೇ ಊರಿನವನು. ನಿಮ್ಮ ಪತ್ರದ ನೆಪದಲ್ಲಿ ಮೂರು ಸಂಜೆ ಮೂರು ಕಡೆ ಕುಡಿದು ನೋಡಿದೆ. ಮನೆಯಲ್ಲಿ ಹೇಳಿಯೇ ಹೋಗಿದ್ದೆ! ಮೊದಲನೇ ಕಡೆ ಗ್ಲಾಸಿನ ತುಂಬ ಸೋಡಾ, ಮೇಲೊಂದು ಕೆಂಪು ಚೆರ್ರಿ. ಶರಬತ್ತು ಅಷ್ಟೇ. ಎರಡನೇ ಕಡೆ ಬಿಟರ್ಸ್ (ಹನಿಯಷ್ಟೇ ಹಾಕುವ ಗಿಡಮೂಲಿಕೆಗಳ ಕಹಿ ಸಾರ) ಖಾಲಿಯಂತೆ, ನಿಂಬೆಹಣ್ಣು ಹಿಂಡಿ ಕೊಟ್ಟರು.

ಮೂರನೆಯದು ಊರಾಚೆ, ಕಾಫಿ ತೋಟದ ನಡುವೆ. ಹುಡುಗ ಸಕ್ಕರೆ ಅಚ್ಚಿನ ಮೇಲೆ ಎರಡು ಮೂರು ಹನಿ ಬಿಟರ್ಸ್, ಚೂರು ನೀರು ಬಿಟ್ಟು ಅರೆದ. 45 ಎಂಎಲ್ ಬರ್ಬನ್ ಅನ್ನೋ ಅಮೆರಿಕದ ವಿಸ್ಕಿ, ದಪ್ಪ ಐಸ್ ಒಂದೇ. ಕುಲುಕಲಿಲ್ಲ, ಸುಮ್ನೆ ನಿಧಾನಕ್ಕೆ ತಿರುವಿದ. ಕೊನೆಗೆ ಕಿತ್ತಳೆ ಸಿಪ್ಪೆ ಹಿಂಡಿದಾಗ ಅದರ ಎಣ್ಣೆ ಸಣ್ಣ ತುಂತುರಾಗಿ ಗ್ಲಾಸಿನ ಮೇಲೆ ಚಿಮ್ಮಿತು. ಆ ಘಮವೇ ಅರ್ಧ ರುಚಿ.

1806ರಲ್ಲೇ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂದು ಬರೆದಿತ್ತು. ಓಲ್ಡ್ ಫ್ಯಾಷನ್ಡ್‌ನಲ್ಲಿ ಇರೋದೂ ಅಷ್ಟೇ ಅಲ್ವಾ? ಅದಕ್ಕೇ ಆರ್ಡರ್ ಮಾಡುವ ಮೊದಲು ‘ಬಿಟರ್ಸ್ ಇದೆಯಾ?’ ಎಂದು ಕೇಳಿ. ಇಲ್ಲ ಅಂದರೆ ವಿಸ್ಕಿಗೆ ನೀರು ಬೆರೆಸಿಕೊಳ್ಳಿ, ದುಡ್ಡಾದರೂ ಉಳಿಯುತ್ತದೆ.